ಬಿಟ್‌ಕಾಯಿನ್ ತಂತ್ರಾಂಶದ ಒಳಗಿನ ಗೋಡೆಗಳು ಮತ್ತು ಕಿಂಡಿಗಳು

ಕ್ರಿಪ್ಟೋಕರೆನ್ಸಿ ಎಂಬ ಪದವು ಕೆಲವು ವರ್ಷಗಳಿಂದ ನಮ್ಮ ಮನೆಗಳ ಮಾತುಕತೆಯೊಳಗೂ ಪ್ರವೇಶ ಪಡೆದಿದೆ. 2022ರ ಕೇಂದ್ರ ಮುಂಗಡಪತ್ರವು ಇಂತಹ ಡಿಜಿಟಲ್ ಆಸ್ತಿಗಳ ಲಾಭದ ಮೇಲೆ ಶೇಕಡಾ 30ರ ತೆರಿಗೆಯನ್ನು ವಿಧಿಸಿದ ಮೇಲಂತೂ, ಅದುವರೆಗೆ ಕಿವಿಗೊಡದವರೂ ಅದರ ಬಗ್ಗೆ ವಿಚಾರಿಸತೊಡಗಿದರು. ಬ್ಯಾಂಕಿನ ಉದ್ಯೋಗಿಗಳೆಂಬ ಕಾರಣದಿಂದ ನಮ್ಮ ಬಳಿಗೂ ಆ ಪ್ರಶ್ನೆ ಬರುವುದುಂಟು: "ಅದರಲ್ಲಿ ಹಣ ಹಾಕಬಹುದೇ?" ಹಾಕಿ ಎಂದೋ ಬೇಡವೆಂದೋ ಸಲಹೆ ನೀಡುವುದು ಈ ಲೇಖನದ ಉದ್ದೇಶವಲ್ಲ. ಬೆಲೆಯ ಏರಿಳಿತದ ಚರ್ಚೆ ಎಲ್ಲೆಡೆಯೂ ನಡೆಯುತ್ತಿದೆ. ಅದಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಈ ನಾಣ್ಯಕ್ಕೆ ರಿಸರ್ವ್ ಬ್ಯಾಂಕ್ ಇಲ್ಲ, ಶಾಖಾ ವ್ಯವಸ್ಥಾಪಕರಿಲ್ಲ, ದೂರು ಸಲ್ಲಿಸಲು ಓಂಬುಡ್ಸ್‌ಮನ್ ಇಲ್ಲ. ಲೆಕ್ಕ ಬರೆಯುವುದು, ಪರಿಶೀಲಿಸುವುದು, ತಪ್ಪಿದ್ದರೆ ತಿರಸ್ಕರಿಸುವುದು, ಇವೆಲ್ಲವನ್ನೂ ಮಾಡುವುದು ತಂತ್ರಾಂಶ. ಹಾಗಾದರೆ ಆ ತಂತ್ರಾಂಶದ ಒಳರಚನೆ ಹೇಗಿದೆ?

ಕಲಾ ವಿಭಾಗದಲ್ಲಿ ಪದವಿ ಪಡೆದ ನಮಗೆ ಗಣಕಶಾಸ್ತ್ರದ ಸೂಕ್ಷ್ಮಗಳು ಅಷ್ಟಾಗಿ ದಕ್ಕುವುದಿಲ್ಲ. ಆದರೆ ಹಣ ಕಾಯುವ ವ್ಯವಸ್ಥೆಯೊಂದರಲ್ಲಿ ಯಾರು ಯಾರನ್ನು ಏನು ಕೇಳಬಹುದು, ಯಾವ ಉತ್ತರಕ್ಕೆ ಯಾರು ಹೊಣೆ ಎಂಬ ವಿಚಾರ ನಮ್ಮ ವೃತ್ತಿಯ ನಿತ್ಯದ ಪಾಠ. ಬಿಟ್‌ಕಾಯಿನ್ ತಂತ್ರಾಂಶದ ಕಥೆಯಲ್ಲಿಯೂ ತಿರುಳು ಇದುವೇ ಆಗಿದೆ.

ಮೂರು ಕೆಲಸಗಳು, ಒಂದೇ ಕೊಠಡಿ

ಸತೋಶಿ ನಕಮೊಟೊ ಎಂಬ ಗುಪ್ತನಾಮದ ವ್ಯಕ್ತಿ ಅಥವಾ ಗುಂಪು 2008ರ ಅಕ್ಟೋಬರ್ 31ರಂದು ಬಿಟ್‌ಕಾಯಿನ್‌ನ ರೂಪುರೇಷೆಯನ್ನು ಪ್ರಕಟಿಸಿತು. 2009ರ ಜನವರಿಯಲ್ಲಿ ಅದರ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದ ಆ ತಂತ್ರಾಂಶದ ಉತ್ತರಾಧಿಕಾರಿಯೇ ಇಂದು ಬಿಟ್‌ಕಾಯಿನ್ ಕೋರ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಈ ತಂತ್ರಾಂಶ ಮುಖ್ಯವಾಗಿ ಮೂರು ಕೆಲಸಗಳನ್ನು ನಿರ್ವಹಿಸುತ್ತದೆ. ಮೊದಲನೆಯದು ಲೆಕ್ಕಪುಸ್ತಕದ ಕೆಲಸ. ಪ್ರಪಂಚದ ಇತರ ಗಣಕಗಳೊಡನೆ ಮಾತನಾಡಿ, ವಹಿವಾಟುಗಳ ಕಟ್ಟುಗಳನ್ನು, ಅಂದರೆ ಬ್ಲಾಕ್‌ಗಳನ್ನು, ಪಡೆದು, ಒಂದೊಂದನ್ನೂ ಪರಿಶೀಲಿಸಿ ದಾಖಲಿಸುವುದು. ಇದನ್ನು ನೋಡ್ ಎನ್ನುತ್ತಾರೆ. ಎರಡನೆಯದು ವಾಲೆಟ್. ಅದು ಒಡೆಯನ ರಹಸ್ಯ ಕೀಲಿಗಳನ್ನು ಕಾಯುತ್ತದೆ, ಶಿಲ್ಕನ್ನು ಲೆಕ್ಕ ಹಾಕುತ್ತದೆ, ಹಣ ಕಳುಹಿಸುವಾಗ ಸಹಿ ಹಾಕುತ್ತದೆ. ಮೂರನೆಯದು ಬಳಕೆದಾರನ ಕಣ್ಣಿಗೆ ಕಾಣುವ ಪರದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಲೆಡ್ಜರ್ ವಿಭಾಗ, ಗ್ರಾಹಕನ ಲಾಕರು ಮತ್ತು ಕೌಂಟರು.

ಆರಂಭದ ತಂತ್ರಾಂಶದಲ್ಲಿ ಈ ಮೂರೂ ಒಂದೇ ಕೊಠಡಿಯಲ್ಲಿದ್ದವು. ಪರದೆಯ ಕೋಡ್ ನೇರವಾಗಿ ಲೆಕ್ಕಪುಸ್ತಕದ ಪುಟ ತೆರೆಯಬಹುದಿತ್ತು. ವಾಲೆಟ್ ತನಗೆ ಬೇಕಾದಾಗ ನೋಡ್‌ನ ದಾಖಲೆಗಳಿಗೆ ಕೈಹಾಕಬಹುದಿತ್ತು. ಬಹುಪಾಲು ಕೆಲಸವೆಲ್ಲ 'ಮೇನ್' ಎಂಬ ಹೆಸರಿನ ಒಂದು ದೊಡ್ಡ ಕಡತದಲ್ಲಿ ಅಡಕವಾಗಿತ್ತು. ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ತಿದ್ದದಂತೆ ಬಹುಪಾಲು ಕೆಲಸಗಳಿಗೆ ಒಂದೇ ದೊಡ್ಡ ಬೀಗವಿದ್ದಿತು. ಪರದೆಯು ಶಿಲ್ಕನ್ನು ತೋರಿಸಬೇಕೆಂದರೂ ಆ ಬೀಗಕ್ಕಾಗಿ ಕಾಯಬೇಕು; ಹೊಸ ಬ್ಲಾಕ್‌ನ ಪರಿಶೀಲನೆ ನಡೆಯುತ್ತಿದ್ದರೆ ಪರದೆ ಸ್ತಬ್ಧವಾಗಿ ನಿಲ್ಲುತ್ತಿತ್ತು.

ಒಬ್ಬರೇ ನಡೆಸುವ ಅಂಗಡಿಗೆ ಇಂತಹ ಏರ್ಪಾಟು ಸಾಕು. ಆದರೆ ನೂರಾರು ಮಂದಿ ತಂತ್ರಜ್ಞರು ತಿದ್ದುವ, ಕೋಟ್ಯಂತರ ಹಣವನ್ನು ಹೊತ್ತ ತಂತ್ರಾಂಶದಲ್ಲಿ ಒಂದು ಮೂಲೆಯ ತಿದ್ದುಪಡಿ ಇನ್ನೊಂದು ಮೂಲೆಯಲ್ಲಿ ಏನು ಮಾಡೀತೆಂದು ಹೇಳುವುದು ಕಷ್ಟವಾಯಿತು.

ಇಂಟರ್‌ಫೇಸ್ ಎಂಬ ಕಿಂಡಿ

ಇದಕ್ಕೆ ಪರಿಹಾರವಾಗಿ ಬಂದುದೇ ಆಂತರಿಕ ಇಂಟರ್‌ಫೇಸ್. ಬ್ಯಾಂಕಿನ ಕೌಂಟರಿನ ಕಿಂಡಿಯನ್ನು ನೆನೆಯಿರಿ. ಗ್ರಾಹಕರು ಕಿಂಡಿಯ ಮೂಲಕ ಚೆಕ್ಕು ಕೊಡಬಹುದು, ನಗದು ಪಡೆಯಬಹುದು, ಪಾಸ್‌ಬುಕ್ ಬರೆಸಬಹುದು. ನಗದು ಪೆಟ್ಟಿಗೆಗೆ ಕೈಹಾಕುವಂತಿಲ್ಲ. ಒಳಗೆ ಲೆಡ್ಜರು ಕಾಗದದ್ದೋ ಕಂಪ್ಯೂಟರಿನದ್ದೋ ಎಂಬುದೂ ಅವರಿಗೆ ಬೇಕಿಲ್ಲ. ನಮ್ಮ ಶಾಖೆಗಳಲ್ಲಿ ದಪ್ಪ ಲೆಡ್ಜರುಗಳು ಹೋಗಿ ಕೋರ್ ಬ್ಯಾಂಕಿಂಗ್ ಬಂದಾಗಲೂ ಗ್ರಾಹಕರು ಅದೇ ಕಿಂಡಿಗೆ ಅದೇ ಚೆಕ್ಕನ್ನು ತಂದರು. ಒಳಗಿನದು ಬದಲಾದರೂ ಕಿಂಡಿಯ ಒಪ್ಪಂದ ಬದಲಾಗಲಿಲ್ಲ.

ತಂತ್ರಾಂಶದಲ್ಲಿಯೂ ಹಾಗೆಯೇ. ಇಂಟರ್‌ಫೇಸ್ ಎಂಬುದು ಕೇಳಬಹುದಾದ ಪ್ರಶ್ನೆಗಳ ಮತ್ತು ಅವುಗಳಿಗೆ ದೊರೆಯುವ ಉತ್ತರಗಳ ಒಂದು ಪಟ್ಟಿ. ಕೆಲಸ ಹೇಗೆ ನಡೆಯುತ್ತದೆಂಬುದು ಅದರಲ್ಲಿ ಇರುವುದಿಲ್ಲ. ಬಿಟ್‌ಕಾಯಿನ್ ಕೋರ್‌ನಲ್ಲಿ 'ಮೇನ್' ಕಡತವನ್ನು 2016ರ ಡಿಸೆಂಬರಿನಲ್ಲಿ ಒಡೆದು, ಬ್ಲಾಕ್‌ಗಳ ಪರಿಶೀಲನೆಯನ್ನು ಒಂದು ಕಡೆಗೂ ಇತರ ಗಣಕಗಳೊಡನೆ ನಡೆಯುವ ಸಂವಾದವನ್ನು ಇನ್ನೊಂದು ಕಡೆಗೂ ಇರಿಸಿದರು. ಮುಂದೆ 2018 ಮತ್ತು 2019ರಲ್ಲಿ, ಮುಖ್ಯವಾಗಿ ರಸೆಲ್ ಯಾನೋಫ್‌ಸ್ಕಿ ಎಂಬ ತಂತ್ರಜ್ಞರ ಪರಿಶ್ರಮದಿಂದ, ಪರದೆ, ವಾಲೆಟ್ ಮತ್ತು ನೋಡ್‌ಗಳ ನಡುವೆ ಸ್ಪಷ್ಟವಾದ ಇಂಟರ್‌ಫೇಸ್‌ಗಳನ್ನು ಬರೆಯಲಾಯಿತು.

ಅವುಗಳಲ್ಲಿ ಮೂರು ಹೆಸರುಗಳನ್ನು ತಿಳಿದರೆ ಸಾಕು. ಪರದೆಯು ನೋಡ್ ಅನ್ನು ಆರಂಭಿಸುವ, ನಿಲ್ಲಿಸುವ, ವಿಚಾರಿಸುವ ಕಿಂಡಿಗೆ 'ನೋಡ್' ಎಂದೇ ಹೆಸರು. ಪರದೆಯು ಶಿಲ್ಕು ಕೇಳುವ, ಪಾವತಿ ಸಿದ್ಧಪಡಿಸಲು ಹೇಳುವ ಕಿಂಡಿ 'ವಾಲೆಟ್'. ವಾಲೆಟ್ಟು ಲೆಕ್ಕಪುಸ್ತಕದ ಸ್ಥಿತಿಯನ್ನು ತಿಳಿಯುವ ಕಿಂಡಿ 'ಚೈನ್'. ಈ ಚೈನ್ ಕಿಂಡಿಯಲ್ಲಿ ವಾಲೆಟ್ ಏನು ಕೇಳಬಹುದೆಂಬುದು ಗಮನಾರ್ಹ. ಲೆಕ್ಕಪುಸ್ತಕ ಎಷ್ಟು ಎತ್ತರಕ್ಕೆ ಬೆಳೆದಿದೆ? ಇಂತಹ ಬ್ಲಾಕ್ ಎಲ್ಲಿದೆ? ಈಗ ಕಳುಹಿಸಿದರೆ ಶುಲ್ಕ ಎಷ್ಟಾದೀತು? ಸಹಿಯಾದ ಈ ವಹಿವಾಟನ್ನು ಜಾಲಕ್ಕೆ ತಲುಪಿಸುವೆಯಾ? ನೋಡ್ ಕೂಡ ಹೊಸ ಬ್ಲಾಕ್ ಬಂದಾಗ ಅದೇ ಕಿಂಡಿಯ ಮೂಲಕ ಸುದ್ದಿ ಸಾರುತ್ತದೆ. ಆದರೆ ರಹಸ್ಯ ಕೀಲಿಯನ್ನು ದಾಟಿಸುವ ಪ್ರಶ್ನೆಯೊಂದೂ ಆ ಪಟ್ಟಿಯಲ್ಲಿಲ್ಲ. ಲೆಕ್ಕ ಬರೆಯುವವನಿಗೆ ಕೀಲಿ ಬೇಕಿಲ್ಲ. ಬೇಕಿಲ್ಲದವನಿಗೆ ಕೇಳುವ ದಾರಿಯನ್ನೇ ಇಟ್ಟಿಲ್ಲ.

ಪರದೆಯು ಸ್ತಬ್ಧವಾಗುವ ತೊಂದರೆಗೂ ಇಲ್ಲಿ ಉತ್ತರವಿದೆ. 'ಕಾಯದೆಯೇ ಹೇಳಲು ಸಾಧ್ಯವಿದ್ದರೆ ಶಿಲ್ಕು ಹೇಳು' ಎಂಬ ಒಂದು ಪ್ರಶ್ನೆ ವಾಲೆಟ್ ಕಿಂಡಿಯ ಪಟ್ಟಿಯಲ್ಲಿದೆ. ಒಳಗೆ ಬಿಡುವಿಲ್ಲದಿದ್ದರೆ 'ಈಗ ಆಗದು' ಎಂಬ ಉತ್ತರ ಬರುತ್ತದೆ, ಪರದೆ ತನ್ನ ಕೆಲಸ ಮುಂದುವರಿಸುತ್ತದೆ.

ಇವು ತಂತ್ರಾಂಶದ ಒಳಗಿನ ಕಿಂಡಿಗಳೆಂಬುದನ್ನು ಮರೆಯಬಾರದು. ಹೊರಗಿನವರು ನೋಡ್ ಅನ್ನು ವಿಚಾರಿಸಲು ಆರ್‌ಪಿಸಿ ಎಂಬ ಬೇರೆಯೇ ದ್ವಾರವಿದೆ. ಅದನ್ನು ನಂಬಿದವರಿಗೆ ತೊಂದರೆಯಾಗದಂತೆ ಎಚ್ಚರದಿಂದ ತಿದ್ದಬೇಕಾಗುತ್ತದೆ. ಒಳಗಿನ ಕಿಂಡಿಗಳು ತಂತ್ರಜ್ಞರ ಪರಸ್ಪರ ಒಪ್ಪಂದಗಳು. ಅಗತ್ಯ ಬಿದ್ದರೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು.

2013ರ ಪಾಠ: 'ಆಗಲಿಲ್ಲ' ಎಂಬುದು 'ತಪ್ಪು' ಎಂದಾದಾಗ

ಒಳಗಿನ ಒಪ್ಪಂದ ಅಸ್ಪಷ್ಟವಾಗಿದ್ದರೆ ಏನಾಗುತ್ತದೆಂಬುದಕ್ಕೆ 2013ರ ಮಾರ್ಚ್ ತಿಂಗಳ ಘಟನೆ ಸಾಕ್ಷಿ. ಅದುವರೆಗೆ ಬಿಟ್‌ಕಾಯಿನ್ ತನ್ನ ಲೆಕ್ಕದ ಸೂಚಿಯನ್ನು ಬರ್ಕ್ಲಿ ಡಿಬಿ ಎಂಬ ದತ್ತಸಂಚಯದಲ್ಲಿ ಇರಿಸುತ್ತಿತ್ತು. 2013ರ ಫೆಬ್ರವರಿಯಲ್ಲಿ ಬಂದ 0.8 ಆವೃತ್ತಿಯು ಹೆಚ್ಚು ವೇಗದ ಲೆವೆಲ್ ಡಿಬಿಯನ್ನು ಅಳವಡಿಸಿಕೊಂಡಿತು. ಉಗ್ರಾಣ ಬದಲಾಯಿತು, ನಿಯಮಗಳು ಬದಲಾಗಲಿಲ್ಲ ಎಂದೇ ಎಲ್ಲರೂ ಭಾವಿಸಿದ್ದರು.

ಮಾರ್ಚ್ 11ರಂದು ಅಸಾಧಾರಣವಾಗಿ ಹೆಚ್ಚು ನಮೂದುಗಳಿದ್ದ ಬ್ಲಾಕ್ ಒಂದು ಹೊರಬಂದಿತು. ಹೊಸ ಆವೃತ್ತಿಯ ಗಣಕಗಳು ಅದನ್ನು ಒಪ್ಪಿದವು. ಹಳೆಯ ಆವೃತ್ತಿಯ ಅನೇಕ ಗಣಕಗಳು ತಿರಸ್ಕರಿಸಿದವು. ಬ್ಲಾಕ್‌ನಲ್ಲಿ ದೋಷವಿರಲಿಲ್ಲ. ಬರ್ಕ್ಲಿ ಡಿಬಿಯಲ್ಲಿ ಏಕಕಾಲಕ್ಕೆ ಹಾಕಬಹುದಾದ ಬೀಗಗಳ ಸಂಖ್ಯೆಗೆ ಒಂದು ಮಿತಿಯಿತ್ತು. ಆ ಬ್ಲಾಕನ್ನು ಬರೆದುಕೊಳ್ಳಲು ಅದಕ್ಕಿಂತ ಹೆಚ್ಚು ಬೀಗಗಳು ಬೇಕಾದವು. ಉಗ್ರಾಣವು 'ನನ್ನಿಂದ ಆಗಲಿಲ್ಲ' ಎಂದಿತು. ಪರಿಶೀಲಕನು ಅದನ್ನು 'ಈ ಬ್ಲಾಕ್ ಅಸಿಂಧು' ಎಂದು ಕೇಳಿಸಿಕೊಂಡನು.

ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಕಂಪ್ಯೂಟರ್ ಸಂಪರ್ಕ ಕಡಿದುದಕ್ಕಾಗಿ ಗ್ರಾಹಕರ ಚೆಕ್ಕನ್ನು 'ಖಾತೆಯಲ್ಲಿ ಹಣವಿಲ್ಲ' ಎಂಬ ಷರಾ ಬರೆದು ಹಿಂದಿರುಗಿಸಿದಂತೆ. ಎರಡೂ ಸಂದರ್ಭಗಳಲ್ಲಿ ಹಣ ಪಾವತಿಯಾಗುವುದಿಲ್ಲ ನಿಜ. ಆದರೆ ಅರ್ಥ ಬೇರೆ, ಪರಿಣಾಮ ಬೇರೆ.

ಇಲ್ಲಿ ಪರಿಣಾಮವೆಂದರೆ ಬಿಟ್‌ಕಾಯಿನ್ ಲೆಕ್ಕಪುಸ್ತಕವೇ ಇಬ್ಭಾಗವಾಯಿತು. ಹಲವು ಗಂಟೆಗಳ ಕಾಲ ಎರಡು ಸರಣಿಗಳು ಅಕ್ಕಪಕ್ಕದಲ್ಲಿ ಬೆಳೆದವು. ಹೊಸ ಆವೃತ್ತಿ ನಡೆಸುತ್ತಿದ್ದ ದೊಡ್ಡ ಗಣಿಗಾರಿಕೆ ಕೂಟಗಳು ತಾವು ಗಳಿಸಿದ್ದ ಬ್ಲಾಕ್‌ಗಳನ್ನು ಬಿಟ್ಟುಕೊಟ್ಟು ಹಳೆಯ ಆವೃತ್ತಿಗೆ ಮರಳಿದ ಮೇಲೆ ಸರಣಿ ಮತ್ತೆ ಒಂದಾಯಿತು. ಉಗ್ರಾಣದ ಒಳಗಿನ ಒಂದು ಮಿತಿ ಯಾರೂ ಬರೆಯದೆಯೇ ಇಡೀ ಜಾಲದ ನಿಯಮವಾಗಿ ಕುಳಿತಿತ್ತು. ಇಂದಿನ ತಂತ್ರಾಂಶದಲ್ಲಿ ಪರಿಶೀಲನೆಯ ಫಲಿತಾಂಶಕ್ಕೆ ಮೂರು ಬೇರೆ ಬೇರೆ ಉತ್ತರಗಳಿವೆ: ಸಿಂಧು, ಅಸಿಂಧು, ಮತ್ತು ನಮ್ಮ ಯಂತ್ರದಲ್ಲಿಯೇ ದೋಷ. ಈ ಮೂರನೆಯ ಉತ್ತರವನ್ನು ಎರಡನೆಯದರೊಡನೆ ಬೆರೆಸದಿರುವುದು ಸಣ್ಣ ಸಂಗತಿಯಲ್ಲ.

2018ರ ಪಾಠ: ಪರಿಶೀಲಿಸಬೇಕಾದವರು ಯಾರು?

ಬ್ಯಾಂಕುಗಳಲ್ಲಿ ಒಬ್ಬರು ನಮೂದಿಸಿದ ವೋಚರನ್ನು ಇನ್ನೊಬ್ಬರು ಪರಿಶೀಲಿಸಿ ಪಾಸು ಮಾಡುವ ಪದ್ಧತಿ ಇದೆ. ಈ ಪದ್ಧತಿಯ ಶತ್ರು ಯಾವುದೆಂದು ನಮ್ಮ ಸಹೋದ್ಯೋಗಿಗಳೆಲ್ಲರೂ ಬಲ್ಲರು: 'ಅವರು ನೋಡಿರುತ್ತಾರೆ' ಎಂಬ ಭಾವನೆ.

ಬಿಟ್‌ಕಾಯಿನ್‌ನಲ್ಲಿ ಒಂದೇ ವಹಿವಾಟಿನೊಳಗೆ ಅದೇ ನಾಣ್ಯವನ್ನು ಎರಡು ಬಾರಿ ಖರ್ಚು ಮಾಡುವಂತಿಲ್ಲ. ಒಂದೇ ಪೇ-ಇನ್ ಸ್ಲಿಪ್ಪಿನಲ್ಲಿ ಒಂದೇ ಚೆಕ್ಕಿನ ಸಂಖ್ಯೆಯನ್ನು ಎರಡು ಸಲ ಬರೆದಂತೆ ಅದು. ಈ ಪರಿಶೀಲನೆ ತಂತ್ರಾಂಶದ ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ನಡೆಯುತ್ತಿತ್ತು. ಬ್ಲಾಕ್‌ಗಳು ಬೇಗ ಹರಡಲೆಂಬ ಉದ್ದೇಶದಿಂದ 2016ರಲ್ಲಿ ಅವುಗಳಲ್ಲಿ ಒಂದನ್ನು ತೆಗೆಯಲಾಯಿತು. ಮುಂದಿನ ಹಂತದಲ್ಲಿ ಹೇಗೂ ತಡೆಯುಂಟೆಂಬುದು ಅದರ ಹಿಂದಿನ ತರ್ಕ. 0.14 ಆವೃತ್ತಿಯಲ್ಲಿ ಆ ತಡೆ ಒಂದು ರೀತಿಯಲ್ಲಿ ಇದ್ದಿತು: ಅಂತಹ ಬ್ಲಾಕ್ ಬಂದರೆ ತಂತ್ರಾಂಶ ಕುಸಿದು ನಿಲ್ಲುತ್ತಿತ್ತು. ಆದರೆ 0.15ರಲ್ಲಿ ನಾಣ್ಯಗಳ ದಾಸ್ತಾನನ್ನು ಇಡುವ ಕ್ರಮವನ್ನೇ ಬದಲಿಸಿದರು. ದಾಸ್ತಾನಿನ ವಿಭಾಗವು ತನ್ನ ಕೆಲಸವನ್ನು ಇನ್ನಷ್ಟು ಚೊಕ್ಕಗೊಳಿಸಿತು. ಆದರೆ ಹಿಂದಿನ ಹಂತದವರು ತನ್ನ ಮೇಲೆ ಇಂತಹ ಭಾರ ಹೊರಿಸಿದ್ದಾರೆಂಬುದು ಎಲ್ಲಿಯೂ ಬರೆದಿರಲಿಲ್ಲ. ಫಲವಾಗಿ 0.15ರಿಂದ 0.16.2ರವರೆಗಿನ ಆವೃತ್ತಿಗಳಲ್ಲಿ, ಕೆಲವು ಸಂದರ್ಭಗಳಲ್ಲಿ, ಒಬ್ಬ ಗಣಿಗಾರನು ಇಲ್ಲದ ನಾಣ್ಯಗಳನ್ನು ಸೃಷ್ಟಿಸುವುದು ಸಾಧ್ಯವಾಗಿತ್ತು. ಒಟ್ಟು 2 ಕೋಟಿ 10 ಲಕ್ಷ ನಾಣ್ಯಗಳ ಮಿತಿಯೇ ಬಿಟ್‌ಕಾಯಿನ್‌ನ ಹೆಗ್ಗಳಿಕೆಯೆಂದು ನಂಬಿದವರಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ.

ಈ ದೋಷವನ್ನು 2018ರ ಸೆಪ್ಟೆಂಬರಿನಲ್ಲಿ ಕಂಡುಹಿಡಿದು ಗುಟ್ಟಾಗಿ ತಿಳಿಸಿದವರು, ಪ್ರತಿಸ್ಪರ್ಧಿಯಾದ ಬಿಟ್‌ಕಾಯಿನ್ ಕ್ಯಾಶ್‌ನ ತಂತ್ರಾಂಶಕ್ಕಾಗಿ ದುಡಿಯುತ್ತಿದ್ದ ಒಬ್ಬರು ಎಂಬುದು ಮೆಚ್ಚತಕ್ಕ ಸಂಗತಿ. ಮರುದಿನವೇ, ಸೆಪ್ಟೆಂಬರ್ 18ರಂದು, 0.16.3 ಆವೃತ್ತಿ ಹೊರಬಂದು ತೆಗೆದುಹಾಕಿದ್ದ ಪರಿಶೀಲನೆಯನ್ನು ಮರಳಿ ಸೇರಿಸಿತು. ಬಿಟ್‌ಕಾಯಿನ್‌ನಲ್ಲಿ ಯಾರೂ ಆ ದೋಷದ ದುರುಪಯೋಗ ಪಡೆದಿರಲಿಲ್ಲ.

ಇಲ್ಲಿ ಯಾವ ವಿಭಾಗವೂ ತನ್ನಷ್ಟಕ್ಕೆ ಕೆಟ್ಟ ಕೆಲಸ ಮಾಡಿರಲಿಲ್ಲ ಎಂಬುದನ್ನು ಗಮನಿಸಬೇಕು. ಕೆಟ್ಟದ್ದು ಎರಡು ವಿಭಾಗಗಳ ನಡುವಿನ ಒಪ್ಪಂದ. ಒಳ್ಳೆಯ ಇಂಟರ್‌ಫೇಸ್ 'ಇದನ್ನು ಕೊಡು' ಎಂದಷ್ಟೇ ಹೇಳಿದರೆ ಸಾಲದು. 'ಇದನ್ನು ಪರಿಶೀಲಿಸಿಯೇ ಕೊಡಬೇಕು' ಅಥವಾ 'ಪರಿಶೀಲಿಸುವ ಹೊಣೆ ಪಡೆಯುವವನದು' ಎಂಬುದನ್ನೂ ಹೇಳಬೇಕು.

ಗೋಡೆ ಎಷ್ಟು ಗಟ್ಟಿ?

ಇಷ್ಟು ಕಿಂಡಿಗಳನ್ನು ಇಟ್ಟ ಮೇಲೆ ಕೀಲಿಗಳು ಸುರಕ್ಷಿತವೆಂದು ತಿಳಿಯಬಹುದೇ? ಪೂರ್ಣವಾಗಿ ಅಲ್ಲ. ಇದುವರೆಗೆ ವಿವರಿಸಿದ ಗೋಡೆಗಳು ಕೋಡ್ ಬರೆಯುವವರು ಪಾಲಿಸುವ ಗಡಿಗೆರೆಗಳು. ತಂತ್ರಾಂಶ ಓಡುವಾಗ ನೋಡ್, ವಾಲೆಟ್, ಪರದೆ ಮೂರೂ ಗಣಕದ ಸ್ಮೃತಿಯ ಒಂದೇ ಭಾಗವನ್ನು ಹಂಚಿಕೊಂಡಿರುತ್ತವೆ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದರೆ ಸಭ್ಯರು ದಾಟುವುದಿಲ್ಲ. ಕಳ್ಳನಿಗೆ ಅದು ತಡೆಯಲ್ಲ.

2015ರ ಒಂದು ಪ್ರಸಂಗ ಇದನ್ನು ತೋರಿಸಿಕೊಟ್ಟಿತು. ಮನೆಯ ರೂಟರಿನಲ್ಲಿ ತಾನಾಗಿಯೇ ದ್ವಾರ ತೆರೆಯಲೆಂದು ಬಿಟ್‌ಕಾಯಿನ್ ಕೋರ್ ಬೇರೆಯವರು ಬರೆದ ಸಣ್ಣ ಕೋಡ್ ಸಂಗ್ರಹವೊಂದನ್ನು ಬಳಸುತ್ತಿತ್ತು. ಅದರಲ್ಲಿ ಗಂಭೀರ ದೋಷವಿರುವುದು ಬೆಳಕಿಗೆ ಬಂದಿತು. ಆ ವರ್ಷದ ಅಕ್ಟೋಬರಿನಲ್ಲಿ ಬಿಡುಗಡೆಯಾದ ಆವೃತ್ತಿಗಳು ದೋಷವನ್ನು ಸರಿಪಡಿಸಿದುದಲ್ಲದೆ ಆ ಸೌಲಭ್ಯವನ್ನೇ ತಾನಾಗಿ ಚಾಲೂ ಆಗದಂತೆ ಮಾಡಿದವು. ರೂಟರಿಗೂ ರಹಸ್ಯ ಕೀಲಿಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಎರಡೂ ಒಂದೇ ಕೊಠಡಿಯಲ್ಲಿದ್ದರೆ, ಬಾಗಿಲು ಕಾಯುವವನ ದೌರ್ಬಲ್ಯ ತಿಜೋರಿಯ ಅಪಾಯವಾಗುತ್ತದೆ.

ಆದುದರಿಂದ ಮುಂದಿನ ಹೆಜ್ಜೆ, ವಿಭಾಗಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ಓಡಿಸುವುದು. ಆಗ ಒಂದರ ಸ್ಮೃತಿಗೆ ಇನ್ನೊಂದು ಕೈಹಾಕದಂತೆ ಗಣಕದ ಕಾರ್ಯನಿರ್ವಹಣಾ ವ್ಯವಸ್ಥೆಯೇ ಕಾಯುತ್ತದೆ. ಗೆರೆಯ ಜಾಗದಲ್ಲಿ ಇಟ್ಟಿಗೆಯ ಗೋಡೆ ಏಳುತ್ತದೆ. ಯಾನೋಫ್‌ಸ್ಕಿಯವರು 2017ರಲ್ಲಿಯೇ ಈ ಕೆಲಸಕ್ಕೆ ಕೈಹಾಕಿದರು. ಪ್ರಕ್ರಿಯೆಗಳ ನಡುವೆ ಪ್ರಶ್ನೋತ್ತರಗಳನ್ನು ಸಾಗಿಸಲು ಕ್ಯಾಪ್‌ನ್ ಪ್ರೋಟೋ ಎಂಬ ಸಾಧನವನ್ನು ಬಳಸಲಾಗಿದೆ. 2025ರ ಅಕ್ಟೋಬರಿನಲ್ಲಿ ಬಂದ 30ನೆಯ ಆವೃತ್ತಿಯಲ್ಲಿ ಇದರ ಮೊದಲ ಫಲ ಪ್ರಯೋಗರೂಪದಲ್ಲಿ ಬಳಕೆದಾರರ ಕೈಗೆ ಬಂದಿತು: ಹೊಸ ಬ್ಲಾಕ್ ಕಟ್ಟುವ ಗಣಿಗಾರಿಕೆಯ ತಂತ್ರಾಂಶವು ಪ್ರತ್ಯೇಕ ಪ್ರಕ್ರಿಯೆಯಾಗಿ ನಿಂತು ನೋಡ್‌ನೊಡನೆ ಕಿಂಡಿಯ ಮೂಲಕ ವ್ಯವಹರಿಸಬಹುದಾಯಿತು. ವಾಲೆಟ್ ಮಾತ್ರ ಆ ಆವೃತ್ತಿಯಲ್ಲಿಯೂ ನೋಡ್‌ನ ಕೊಠಡಿಯಲ್ಲಿಯೇ ಉಳಿದಿತ್ತು.

ಎಂಟು ವರ್ಷಗಳು ಏಕೆ ಬೇಕಾದವು ಎಂದು ಕೇಳಬಹುದು. ಓಡುತ್ತಿರುವ ಬ್ಯಾಂಕಿನ ಶಾಖೆಯನ್ನು ಒಂದು ದಿನವೂ ಮುಚ್ಚದೆ ಒಳಗೋಡೆಗಳನ್ನು ಕಟ್ಟಿದಂತೆ ಈ ಕೆಲಸ. ಪ್ರತಿಯೊಂದು ಸಣ್ಣ ತಿದ್ದುಪಡಿಯನ್ನೂ ಇತರ ತಂತ್ರಜ್ಞರು ಓದಿ ಒಪ್ಪಬೇಕು. ಗೋಡೆ ಕಟ್ಟುವಾಗ ಹಳೆಯ ನಿಯಮವೊಂದು ಅರಿವಿಲ್ಲದೆ ಕಳಚಿಬಿದ್ದರೆ 2018ರ ಅಪಾಯ ಮರುಕಳಿಸಬಹುದು. ನಿಧಾನ ಇಲ್ಲಿ ದೋಷವಲ್ಲ.

ಗೃಹಸ್ಥರಿಗೆ ಇದರಿಂದ ಏನು?

ಇಂತಹ ಗೋಡೆ ನಮ್ಮ ನಿತ್ಯದ ಬಳಕೆಯಲ್ಲಿಯೂ ಇದೆ. ಯುಪಿಐ ಮೂಲಕ ಹಣ ಕಳುಹಿಸುವಾಗ ಆ್ಯಪ್ ಯಾವುದೇ ಇರಲಿ, ಪಿನ್ ಒತ್ತುವ ಪುಟ ಮಾತ್ರ ಒಂದೇ ಬಗೆಯದಾಗಿ ಕಾಣುವುದನ್ನು ಓದುಗರು ಗಮನಿಸಿರಬಹುದು. ಆ ಪುಟ ಆ್ಯಪಿನದಲ್ಲ. ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ನೀಡಿದ, ಆ್ಯಪಿನೊಳಗೆ ಅಳವಡಿಸಿದ ಪ್ರತ್ಯೇಕ ವಿಭಾಗ. ಪಿನ್ ಅಲ್ಲಿಯೇ ಗೂಢಲಿಪಿಯಾಗಿ ಬದಲಾಗುತ್ತದೆ. ಆ್ಯಪಿಗೆ ಅದು ತಿಳಿಯಬೇಕಾದ ಅಗತ್ಯವಿಲ್ಲ, ತಿಳಿಯುವುದೂ ಇಲ್ಲ. ಬಿಟ್‌ಕಾಯಿನ್‌ನ ವಾಲೆಟ್ ಮತ್ತು ನೋಡ್‌ಗಳ ನಡುವಿನ ವಿವೇಕವೇ ಇಲ್ಲಿಯೂ ಕೆಲಸ ಮಾಡಿದೆ.

ಕ್ರಿಪ್ಟೋ ಜಗತ್ತಿನಲ್ಲಿ ಕೀಲಿಯನ್ನು ಪ್ರತ್ಯೇಕ ಸಣ್ಣ ಉಪಕರಣದಲ್ಲಿ ಇರಿಸಿ, ಸಹಿಗಾಗಿ ಮಾತ್ರ ವಹಿವಾಟನ್ನು ಅಲ್ಲಿಗೆ ಒಯ್ಯುವ ಕ್ರಮವೂ ಇದೆ. ಅರ್ಧ ಸಹಿಯಾದ ವಹಿವಾಟನ್ನು ಸಾಗಿಸಲು ಒಂದು ಸಾಮಾನ್ಯ ನಮೂನೆಯನ್ನು ರೂಪಿಸಿ, 2018ರ 0.17 ಆವೃತ್ತಿಯಿಂದ ಬಿಟ್‌ಕಾಯಿನ್ ಕೋರ್ ಅದನ್ನು ಒಪ್ಪಿಕೊಂಡಿದೆ. ಇದಕ್ಕೆ ವ್ಯತಿರಿಕ್ತವಾಗಿ, ವಿನಿಮಯ ಕೇಂದ್ರದಲ್ಲಿಯೇ ನಾಣ್ಯಗಳನ್ನು ಬಿಟ್ಟವರಿಗೆ ಈ ಲೇಖನದ ಯಾವ ಗೋಡೆಯೂ ರಕ್ಷಣೆಯಲ್ಲ. ಅವರ ಕೀಲಿ, ಲೆಕ್ಕ, ಪರದೆ ಮೂರೂ ಒಂದೇ ಸಂಸ್ಥೆಯ ಕೈಯಲ್ಲಿರುತ್ತವೆ. ಅವರು ನಂಬಿರುವುದು ತಂತ್ರಾಂಶವನ್ನಲ್ಲ, ಆ ಸಂಸ್ಥೆಯನ್ನು.

ಆದುದರಿಂದ ಮನೆಯ ಮಕ್ಕಳು ಇಂತಹ ಯಾವುದೇ ಆ್ಯಪನ್ನು ತಂದು ತೋರಿಸಿದಾಗ ಹಿರಿಯರು ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು. ಕೀಲಿ ಯಾರ ಬಳಿ ಇದೆ? ಲೆಕ್ಕ ಪರಿಶೀಲಿಸುವವರು ಯಾರು? ಇವೆರಡರ ನಡುವೆ ಗೋಡೆ ಇದೆಯೇ, ಅಥವಾ ಗೆರೆ ಮಾತ್ರವೇ? ಪ್ರಶ್ನೆ ಕೇಳಲು ಸಿ ಪ್ಲಸ್ ಪ್ಲಸ್ ಬಲ್ಲವರಾಗಬೇಕಿಲ್ಲ. ತಂತ್ರಾಂಶ ವೃತ್ತಿಯಲ್ಲಿರುವ ಮಕ್ಕಳು ತಮ್ಮ ತಂದೆತಾಯಿಗಳಿಗೆ ಕನ್ನಡದಲ್ಲಿ ಇವುಗಳಿಗೆ ಉತ್ತರ ಹೇಳುವಂತಾದರೆ ಇಬ್ಬರಿಗೂ ಲಾಭವಿದೆ. ಅಂತಹ ಮಾತುಕತೆ ನಮ್ಮ ಮನೆಗಳಲ್ಲಿ ನಡೆಯಲಿ ಎಂಬುದು ನಮ್ಮ ಆಶಯ.